ಇಪ್ಪತ್ತಮೂರು ಡಿಗ್ರಿ

ಡಬ್ಬದ ಚೀಟಿ ಹೇಳುತ್ತದೆ: ಇಪ್ಪತ್ತಮೂರು ಡಿಗ್ರಿಯಲ್ಲಿ
ನಾಲ್ಕು ಗಂಟೆ ಬಿಗಿಹಿಡಿ, ಒಂದು ದಿನ ಮುಟ್ಟಬೇಡ.
ಚೀಟಿ ಬರೆದವನು ಮತ್ತಿಗಿರಿಯ ಮಾರ್ಗಶಿರ ಕಂಡವನಲ್ಲ.
ಇಲ್ಲಿ ಬೆಳಿಗ್ಗೆ ಏಳಕ್ಕೆ ಹನ್ನೆರಡು.
ಶಟರು ಎತ್ತುವ ಕೈಯನ್ನು ಕಬ್ಬಿಣ ಕಚ್ಚುತ್ತದೆ,
ಗುಲಾಬಿ ಹೇರಿದ ಟೆಂಪೋಗಳು ಮಂಜಿನೊಳಗಿಂದ
ಬರೀ ಹಾರನ್ನಾಗಿ ಬರುತ್ತವೆ.

ಸೊಣ್ಣಪ್ಪ ಮೇಸ್ತ್ರಿ ರಾತ್ರಿಯೇ ಟ್ಯೂಬುಗಳನ್ನು
ಕಂಬಳಿಯಲ್ಲಿ ಸುತ್ತಿ ಮಲಗಿಸಿರುತ್ತಾನೆ.
'ತಣ್ಣಗಿದ್ರೆ ಹೊರಕ್ಕೆ ಬರಲ್ಲ, ಬಂದ್ರೂ ಬೆರೆಯಲ್ಲ.'
ನನ್ನನ್ನು ಅವನು ಕರೆಯುವುದು ವೆಲ್ಡಿಂಗು ಎಂದು.
ಐಟಿಐಯಿಂದ ಬಂದ ದಿನ ಕೇಳಿದ್ದೆನಲ್ಲ,
ಕಿಡಿಯೇ ಇಲ್ಲದೆ ಕಾರಿನ ಬಾಗಿಲು ನಿಲ್ಲುತ್ತದಾ ಅಂತ.

ನಿಲ್ಲುತ್ತದೆ.
ಒಂದು ಟ್ಯೂಬಿನಲ್ಲಿ ಹಾಲಿನ ಬಿಳಿ, ಇನ್ನೊಂದರಲ್ಲಿ ಕೀಲೆಣ್ಣೆಯ ಕಪ್ಪು,
ಮೂತಿಯ ತಿರುಚಿನಲ್ಲಿ ಹಾದು ಬೂದುಬಣ್ಣವಾಗಿ ಇಳಿಯುತ್ತವೆ.
ಮೊದಲ ಗೇಣು ನೆಲಕ್ಕೆ, ಅದು ಇನ್ನೂ ಒಂದಾಗಿಲ್ಲ.
ತಗಡನ್ನು ಬೆಳ್ಳಗಾಗುವವರೆಗೆ ಉಜ್ಜಿರಬೇಕು,
ಉಜ್ಜಿದ ಮೇಲೆ ಬೆರಳು ತಾಕಬಾರದು, ಬೆರಳಿನಲ್ಲಿ ಎಣ್ಣೆ ಇದೆ,
ಮನುಷ್ಯರಲ್ಲಿ ಇದ್ದೇ ಇರುತ್ತದೆ.
ಅಂಟಿನೊಳಗೆ ಕಣ್ಣಿಗೆ ಕಾಣದ ಗಾಜಿನ ಮಣಿಗಳು.
ಎರಡು ತಗಡು ಪೂರ್ತಿ ಅಪ್ಪಿಕೊಂಡರೆ ಅಂಟಿಗೇ ಜಾಗವಿಲ್ಲ,
ಕೂದಲೆಳೆ ಮೂರರಷ್ಟು ದೂರವನ್ನು ಅವು ಕಾಯುತ್ತವೆ.

ಆ ದಿನ ಮೇಸ್ತ್ರಿ ಡೆಂಕಣಿಕೋಟೆಗೆ ಹೋಗಿದ್ದ, ಸಾವಿಗೆ.
ಬಾಗಲೂರಿನ ಪಿಳ್ಳಾರೆಡ್ಡಿಯ ಕಪ್ಪು ಕಾರು,
ಎಡಬಾಗಿಲಿಗೆ ಹೊಸ ಹೊರತಗಡು, ನಾವು ತೊಗಲು ಅನ್ನುತ್ತೇವೆ.
ನಾಳೆ ಮಗಳ ನಿಶ್ಚಿತಾರ್ಥ, ಸಂಜೆಗೆ ಬೇಕೇ ಬೇಕು
ಎಂದು ಮೂರು ಭಾಷೆಯಲ್ಲಿ ಹೇಳಿ ಹೋದ.
ಅಂಟು ಎಳೆದೆ, ಅಂಚು ಮಡಿಸಿದೆ, ಕ್ಲಾಂಪು ಬಿಗಿದೆ.
ಕಾಯಲಿಲ್ಲ.
ಕೆಂಪು ದೀಪವನ್ನು ಮೊಳದಷ್ಟು ಹತ್ತಿರ ತಂದು
ಅರವತ್ತು ಸಾಕಾದಲ್ಲಿ ತೊಂಬತ್ತಕ್ಕೆ ತಿರುಗಿಸಿದೆ.
ಮುಕ್ಕಾಲು ಗಂಟೆಗೆ ಕಲ್ಲು. ಗೆಣ್ಣಿನಿಂದ ತಟ್ಟಿದೆ, ಗಟ್ಟಿ ಸದ್ದು.
ಬಣ್ಣ ಕುಡಿಸಿ ಕಳಿಸಿದೆ.

ಹನ್ನೊಂದನೆಯ ದಿನ ಬಂಪರಿಗೆಂದು ಮತ್ತೆ ಬಂತು.
ಬಿಸಿಲಲ್ಲಿ ಏನೂ ಇರಲಿಲ್ಲ.
ಟ್ಯೂಬ್‌ಲೈಟಿನ ಕೆಳಗೆ ನಿಂತಾಗ
ಬಾಗಿಲಲ್ಲಿ ಮೂಡಿದ ದೀಪ ಒಂದು ಕಡೆ ನಡುಗಿ ಮುರಿದಿತ್ತು.
ಅಂಚಿನಿಂದ ಬೆರಳಗಲ ಒಳಗೆ ಒಂದು ತಗ್ಗುಗೆರೆ.
ಅಂಟು ಗಟ್ಟಿಯಾಗುತ್ತ ಕುಗ್ಗುತ್ತದೆ,
ಕುಗ್ಗುತ್ತ ತೊಗಲನ್ನು ಒಳಗೆಳೆಯುತ್ತದೆ,
ಅವಸರ ಮಾಡಿದರೆ ಇನ್ನಷ್ಟು.
ಒಂದು ಜಾಗದಲ್ಲಿ ಗೆರೆ ದಪ್ಪ. ಅಲ್ಲಿ ಗನ್ನು ನಿಲ್ಲಿಸಿ
ಫೋನು ನೋಡಿದ್ದೆ, ನೆನಪಿದೆ.

ಪಿಳ್ಳಾರೆಡ್ಡಿ ಅದರಲ್ಲೇ ಮೀಸೆ ನೋಡಿಕೊಂಡು
'ಕನ್ನಡಿ ಕಣಮ್ಮ' ಎಂದ.
ಮೇಸ್ತ್ರಿ ಮಾತ್ರ ತಲೆ ವಾಲಿಸಿ ಒಮ್ಮೆ ನಡೆದ,
ಇನ್ನಷ್ಟು ವಾಲಿಸಿ ಮತ್ತೊಮ್ಮೆ.
'ಓದ್ಕೋ ವೆಲ್ಡಿಂಗು. ನಿನ್ನ ಅಕ್ಷರವೇ.'

ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಲಾರಿ ಉಜ್ಜಿ
ಈ ಮಾರ್ಗಶಿರಕ್ಕೆ ಅದೇ ಬಾಗಿಲು ನನ್ನ ಮುಂದೆಯೇ ಬಂತು.
ತಗಡು ಬಾಳೆಲೆಯ ಹಾಗೆ ಹರಿದಿತ್ತು, ಅಂಟು ಬಿಟ್ಟಿರಲಿಲ್ಲ.
ಅಡ್ಡಕ್ಕೆ ಎಳೆದರೆ ಜಗ್ಗಲಿಲ್ಲ.
ಬಿಸಿಗಾಳಿ ಊದಿ ಒಂದು ಮೂಲೆಯನ್ನು ಉಳಿಯಿಂದ ಎತ್ತಿದೆ,
ಆಗ ಬಂತು, ಸಿಪ್ಪೆಯ ಹಾಗೆ, ಒಲ್ಲದ ಮನಸ್ಸಿನಿಂದ.
ಎರಡೂ ತಗಡಿನ ಮೇಲೆ ಬೂದು ಉಳಿದಿತ್ತು.
ಕಬ್ಬಿಣವನ್ನು ಬಿಡಲಾರದೆ ಅಂಟು ತನ್ನನ್ನೇ ಸೀಳಿಕೊಂಡಿತ್ತು.
ಮೇಸ್ತ್ರಿ ಹೆಬ್ಬೆರಳಿನಿಂದ ಸವರಿ ನೋಡಿದ.
ಹೊಗಳಲಿಲ್ಲ. ಟೀ ತರಿಸಿದ, ನನಗೂ.

ಈಗ ಹೊಸ ಬಾಗಿಲು ಬಿಗಿದು ಕೂತಿದ್ದೇನೆ.
ದೀಪ ಎರಡು ಮೊಳ ದೂರ, ಗೋಡೆಯ ಮೇಲೆ ಹದಿನಾಲ್ಕು.
ಹೊರಗೆ ಪಿಳ್ಳಾರೆಡ್ಡಿ ಎರಡನೇ ಮಗಳ ವಿಷಯ ಹೇಳುತ್ತಿದ್ದಾನೆ.
ನಾಡಿದ್ದು, ಎಂದಿದ್ದೇನೆ.
ರಟ್ಟಿನ ಮೇಲೆ ಇದೇ ಅಂಟಿನ ಒಂದು ತೊಟ್ಟು ಇಟ್ಟು
ಅರ್ಧ ಗಂಟೆಗೊಮ್ಮೆ ಒತ್ತಿ ನೋಡುತ್ತೇನೆ.
ಇನ್ನೂ ಉಗುರು ಇಳಿಯುತ್ತದೆ.